ಉದುರಿದ ಎಲೆ ಬಿಸಾಕ್ಬೇಡಿ: ಮನೇಲಿ ಸಕ್ಯುಲೆಂಟ್ ಬೆಳೆಸೋದು, ಮರಿ ಮಾಡೋದು

ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಟ್ಕೊಳ್ಳೋ ಗಿಡ) ಒಣಗಿ ಸತ್ತಿದ್ದನ್ನ ನೋಡಿರೋರು ತುಂಬಾ ಕಮ್ಮಿ, ಕೊಳೆತು ಸತ್ತಿದ್ದನ್ನ ನೋಡದೇ ಇರೋರು ಅದಕ್ಕಿಂತ ಕಮ್ಮಿ. ಗಿಡ ತಂದು ಕಿಟಕಿ ಹತ್ರ ಇಟ್ಟು, ಬೇರೆ ಗಿಡಗಳ ಜೊತೆ ಇದಕ್ಕೂ ದಿನಾ ಒಂದು ಲೋಟ ನೀರು ಹಾಕಿ, ಸ್ವಲ್ಪ ದಿನಕ್ಕೆ ಎಲೆಯೆಲ್ಲ ಹಳದಿಯಾಗಿ ಮುಟ್ಟಿದ್ರೆ ಕೈಗೇ ಬರೋ ಹಾಗಾದಾಗ "ಅಯ್ಯೋ ನೀರು ಸಾಕಾಗ್ಲಿಲ್ಲವೇನೋ" ಅಂತ ಇನ್ನೊಂದು ಲೋಟ ಹಾಕಿ ಕೊಂದುಬಿಡೋದು, ಎಲ್ಲಾ ಕಡೆ ಇದೇ ಕಥೆ. ಮರಿ ಮಾಡೋ ವಿಷಯದಲ್ಲೂ ಹಂಗೇ, ಎಲೆ ಕಿತ್ತ ತಕ್ಷಣ ಮಣ್ಣಿಗೆ ಚುಚ್ಚಿ ನೀರು ಹಾಕೋದು, ಆಮೇಲೆ ಕೊಳೆತೋಯ್ತು ಅನ್ನೋದು. ಈ ಗಿಡದ ಕೆಲಸದಲ್ಲಿ ಅರ್ಧ ಭಾಗ ಸುಮ್ನೆ ಇರೋದೇ ಅಂತ ಮೊದಲೇ ಒಪ್ಕೊಂಡ್ರೆ ಮುಂದಿಂದೆಲ್ಲ ಸಲೀಸು.

ಸುಮ್ನೆ ಯಾಕಿರ್ಬೇಕು ಅಂದ್ರೆ, ಗಿಡದ ಒಳಗೆ ನಡೆಯೋದೇ ಬೇರೆ ತರ. ಎಲೆ, ಕಾಂಡ, ಕೆಲವದ್ರಲ್ಲಿ ಬೇರು, ಇದ್ರಲ್ಲೆಲ್ಲ ಮೊದಲೇ ನೀರು ತುಂಬ್ಕೊಂಡಿರತ್ತೆ, ಮೇಲೆ ಮೇಣದ ಪದರ ಇರೋದ್ರಿಂದ ಅದು ಬೇಗ ಆರೋದೂ ಇಲ್ಲ. ಸಾಮಾನ್ಯ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆಗೆದಿಟ್ಕೊಂಡಿರತ್ವೆ, ಇವುಗಳಲ್ಲಿ ಹೆಚ್ಚಿನವು ಹಗಲು ಮುಚ್ಕೊಂಡು ರಾತ್ರಿ ತಂಪಾದ್ಮೇಲೆ ತೆಗೆದು ಕಾರ್ಬನ್ ಡೈಆಕ್ಸೈಡ್ ಒಳಗೆ ಎಳ್ಕೊಂಡು ಅದನ್ನ ಮ್ಯಾಲಿಕ್ ಆಸಿಡ್ ಮಾಡಿ ಕೂಡಿಟ್ಕೊಳತ್ವೆ, ಬೆಳಗ್ಗೆ ಬೆಳಕು ಬಂದಾಗ ಅದ್ರಿಂದ ಸಕ್ಕರೆ ಮಾಡ್ಕೊಳತ್ವೆ. ಹಿಂಗಾಗಿ ನೀರಿನ ಖರ್ಚು ತುಂಬಾ ಕಮ್ಮಿ, ಬೆಳವಣಿಗೆನೂ ನಿಧಾನ. ಖರ್ಚೇ ಇಲ್ದೆ ಇರೋ ಗಿಡಕ್ಕೆ ದಿನಾ ನೀರು ಸುರಿದ್ರೆ ಆ ನೀರು ಮಣ್ಣಲ್ಲೇ ನಿಂತು ಬೇರಿಗೆ ಗಾಳಿ ಸಿಗದೆ ಕೊಳೆಯೋಕೆ ಶುರುವಾಗತ್ತೆ.

ಇನ್ನೊಂದು, ಎಲ್ಲಾ ಕಳ್ಳಿಗಳೂ (ಅಂದ್ರೆ ಕ್ಯಾಕ್ಟಸ್) ಹೆಚ್ಚುಕಮ್ಮಿ ಸಕ್ಯುಲೆಂಟೇ, ಆದ್ರೆ ಎಲ್ಲಾ ಸಕ್ಯುಲೆಂಟೂ ಕಳ್ಳಿ ಅಲ್ಲ. ಕಳ್ಳಿಯಲ್ಲಿ ಮುಳ್ಳು ಹುಟ್ಟೋ ಜಾಗದಲ್ಲಿ ಒಂದು ಸಣ್ಣ ಹತ್ತಿಯಂತ ಚುಕ್ಕೆ ಇರತ್ತೆ, ಅದಿಲ್ಲದೆ ಬರೀ ಮುಳ್ಳಿದ್ರೆ ಅದು ಯೂಫೋರ್ಬಿಯಾನೋ ಇನ್ನೇನೋ ಇರ್ಬಹುದು. ಈ ವ್ಯತ್ಯಾಸ ಕಟಿಂಗ್ ಮಾಡೋವಾಗ ಬೇಕಾಗತ್ತೆ, ಮುಂದೆ ಹೇಳ್ತೀನಿ.

ಮಣ್ಣು, ಕುಂಡ

ನರ್ಸರಿಯಿಂದ ಬರೋ ಗಿಡ ಸಾಮಾನ್ಯವಾಗಿ ನೀರು ಹಿಡ್ಕೊಳ್ಳೋ ಮೆತ್ತನೆ ಮಿಕ್ಸ್‌ನಲ್ಲಿರತ್ತೆ, ಅಲ್ಲಿ ಅವ್ರಿಗೆ ಅದು ಅನುಕೂಲ, ಮನೇಲಿ ಅದೇ ಗಿಡಕ್ಕೆ ಕಂಟಕ. ಪಾಟಿಂಗ್ ಮಿಕ್ಸ್ ಅರ್ಧ, ಪರ್ಲೈಟ್ ಅಥವಾ ಪ್ಯೂಮಿಸ್ (ಎರಡೂ ಹಗುರವಾದ, ತೂತು ತೂತಿನ ಕಲ್ಲಿನ ಚೂರು) ಅಥವಾ ಸಣ್ಣ ಜಲ್ಲಿ ಅರ್ಧ, ಇಷ್ಟು ಸಾಕು, ಹತ್ತು ಸಾಮಾನು ಸೇರಿಸೋ ರೆಸಿಪಿಗಳ ಹಿಂದೆ ಬೀಳ್ಬೇಡಿ. ಮರಳು ಹಾಕೋದಾದ್ರೆ ಜರಡಿ ಹಿಡಿದು ದಪ್ಪ ಕಾಳು ಮಾತ್ರ ತಗೊಳ್ಳಿ, ನುಣ್ಣನೆ ಮರಳು ಮಣ್ಣಿನ ಸಂದೆಲ್ಲ ತುಂಬಿ ಇನ್ನೂ ಗಟ್ಟಿ ಮಾಡತ್ತೆ, ಸಮುದ್ರದ ಮರಳಲ್ಲಿ ಉಪ್ಪಿರತ್ತೆ, ಅದು ಬೇಡ್ವೇ ಬೇಡ. ಮಿಕ್ಸ್ ಸರಿಯಾಗಿದ್ಯಾ ಅಂತ ನೋಡೋಕೆ ಕುಂಡಕ್ಕೆ ತುಂಬಿ ಮೇಲಿಂದ ನೀರು ಹಾಕಿ, ಕೆಲವೇ ಸೆಕೆಂಡಲ್ಲಿ ಕೆಳಗಿನ ತೂತಿಂದ ಹೊರಗೆ ಬರ್ಬೇಕು. ಮೇಲೆ ಕೆರೆ ತರ ನಿಂತ್ರೆ ಇನ್ನಷ್ಟು ಪರ್ಲೈಟ್ ಬೇಕು ಅಂತ ಅರ್ಥ.

ಕುಂಡಕ್ಕೆ ತೂತು ಇರ್ಲೇಬೇಕು, ಇದ್ರಲ್ಲಿ ರಾಜಿ ಇಲ್ಲ. "ತೂತಿಲ್ದಿದ್ರೆ ಏನಾಯ್ತು, ತಳದಲ್ಲಿ ಕಲ್ಲು ಹಾಕ್ತೀನಿ" ಅಂತಾರೆ, ಅದು ಕೆಲಸ ಮಾಡಲ್ಲ. ಸಣ್ಣ ಕಣದ ಮಣ್ಣಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯಲ್ಲ, ಮೇಲಿನ ಮಣ್ಣು ಪೂರ್ತಿ ನೆನೆಯೋ ತನಕ ಅಲ್ಲೇ ನಿಂತಿರತ್ತೆ, ಅಂದ್ರೆ ಒದ್ದೆ ಮಣ್ಣು ಬೇರಿಗೆ ಇನ್ನೂ ಹತ್ರ ಬಂತು ಅಷ್ಟೇ. ಗಾಜಿನ ಬೋಗುಣಿಯಲ್ಲಿ ಬಣ್ಣದ ಕಲ್ಲು ಹಾಕಿ ನೆಟ್ಟಿರೋದು ಫೋಟೋಗೆ ಚೆಂದ, ಗಿಡದ ಆಯಸ್ಸಿಗೆ ಒಳ್ಳೇದಲ್ಲ. ಮಣ್ಣಿನ ಕುಂಡ ಪಕ್ಕದಿಂದಲೂ ಆರೋದ್ರಿಂದ ಹೊಸಬರಿಗೆ ಅದೇ ಬೆಸ್ಟು, ನೀರು ಹಾಕೋದು ಮರೆಯೋರಿಗೆ ಪ್ಲಾಸ್ಟಿಕ್ಕೂ ನಡೆಯತ್ತೆ. ಅಳತೆ ಅಂದ್ರೆ ಗಿಡದ ಅಗಲಕ್ಕಿಂತ ಒಂದೆರಡು ಸೆಂಟಿಮೀಟರ್ ಜಾಸ್ತಿ. ದೊಡ್ಡ ಕುಂಡದಲ್ಲಿ ಚಿಕ್ಕ ಗಿಡ ಇಟ್ರೆ ಬೇರು ಮುಟ್ಟದ ಮಣ್ಣೆಲ್ಲ ವಾರಗಟ್ಟಲೆ ಒದ್ದೆ ಇರತ್ತೆ.

ಬೆಳಕು ಮತ್ತೆ ನೀರು

ಎಚೆವೆರಿಯಾ, ಸೀಡಮ್, ಗ್ರಾಪ್ಟೋಪೆಟಲಮ್ ಇವೆಲ್ಲ ಬೆಳಕು ಜಾಸ್ತಿ ಕೇಳೋ ಜಾತಿ, ಮನೇಲಿ ಅತಿ ಹೆಚ್ಚು ಬೆಳಕಿರೋ ಕಿಟಕಿ ಯಾವ್ದೋ ಅಲ್ಲಿಗೆ ಇವು. ಸಾಕಾಗ್ಲಿಲ್ಲ ಅಂದ್ರೆ ಗುಲಾಬಿ ಹೂವಿನ ತರ ಒತ್ತಾಗಿದ್ದ ಗಿಡ ಉದ್ದುದ್ದ ಬೆಳೆದು ಎಲೆಗಳ ಮಧ್ಯೆ ಕಾಂಡ ಕಾಣೋಕೆ ಶುರುವಾಗತ್ತೆ, ಬೆಳಕಿನ ಕಡೆ ವಾಲತ್ತೆ. ಒಂದ್ಸಲ ಉದ್ದ ಆದದ್ದು ಮತ್ತೆ ಗಿಡ್ಡ ಆಗಲ್ಲ, ಕತ್ತರಿಸಿ ಹೊಸದಾಗಿ ನೆಡ್ಬೇಕು ಅಷ್ಟೇ. ಹಾವರ್ಥಿಯಾ, ಗ್ಯಾಸ್ಟೇರಿಯಾ ದಕ್ಷಿಣ ಆಫ್ರಿಕಾದಲ್ಲಿ ಪೊದೆಯ ನೆರಳಲ್ಲಿ, ಕಲ್ಲಿನ ಸಂದಿಯಲ್ಲಿ ಬೆಳೆಯೋವು, ಅವಕ್ಕೆ ನೇರ ಬಿಸಿಲಿಲ್ದೆ ಇದ್ರೂ ಆಗತ್ತೆ, ಮೇಜಿನ ಮೇಲೆ ಇಡೋಕೆ ಗಿಡ ಬೇಕು ಅನ್ನೋರು ಇವನ್ನೇ ತಗೊಳ್ಳಿ. ಒಳಗಿದ್ದ ಗಿಡವನ್ನ ಒಂದೇ ದಿನಕ್ಕೆ ಸುಡು ಬಿಸಿಲಿಗೆ ಇಡ್ಬೇಡಿ, ಎಲೆ ಸುಟ್ಟು ಕಂದು ಕಲೆ ಆದ್ರೆ ಆ ಎಲೆ ಉದುರೋ ತನಕ ಕಲೆ ಹೋಗಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಎರಡು ವಾರದಲ್ಲಿ ಅಭ್ಯಾಸ ಮಾಡ್ಸಿ. ಎಲೆ ಮೇಲಿರೋ ಬೂದಿ ತರದ ಪುಡಿ ಧೂಳಲ್ಲ, ಗಿಡ ತಾನೇ ಮಾಡ್ಕೊಂಡಿರೋ ಮೇಣ, ಬಿಸಿಲಿಂದ ಕಾಪಾಡತ್ತೆ. ಬಟ್ಟೆ ತಗೊಂಡು ಒರೆಸ್ಬೇಡಿ, ಒರೆಸಿದ ಎಲೆಗೆ ಅದು ವಾಪಸ್ ಬರಲ್ಲ.

ನೀರಿಗೆ ವಾರಕ್ಕೊಂದ್ಸಲ, ಹದಿನೈದು ದಿನಕ್ಕೊಂದ್ಸಲ ಅನ್ನೋ ಟೈಮ್‌ಟೇಬಲ್ ಇಟ್ಕೊಬೇಡಿ. ಒಂದು ಕಡ್ಡಿ ಮಣ್ಣಿಗೆ ತಳದ ತನಕ ಚುಚ್ಚಿ ಎಳೀರಿ, ಮಣ್ಣು ಅಂಟಿದ್ರೆ ಇವತ್ತು ಬೇಡ. ಪೂರ್ತಿ ಒಣಗಿದ್ರೆ ತೂತಿಂದ ಹರಿಯೋ ತನಕ ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಮತ್ತೆ ಒಣಗೋ ತನಕ ಆ ಕಡೆ ತಿರುಗಿ ನೋಡ್ಬೇಡಿ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಹಾಕೋದು ಎರಡೂ ಕಡೆ ಕೆಟ್ಟದ್ದು, ಆಳದ ಬೇರಿಗೆ ತಲುಪಲ್ಲ, ಮೇಲ್ಮಣ್ಣು ಮಾತ್ರ ಸದಾ ಒದ್ದೆ ಇರತ್ತೆ. ಸ್ಪ್ರೇ ಬಾಟ್ಲಿ ದೊಡ್ಡ ಗಿಡಕ್ಕೆ ಬೇಡ್ವೇ ಬೇಡ. ಎಚೆವೆರಿಯಾ ನಡುವೆ ನೀರು ನಿಂತ್ರೆ ಊದಿ ತೆಗೀರಿ.

ಎಲೆ ನೋಡಿ ಓದೋದು ಕಲಿತ್ರೆ ಕಡ್ಡಿನೂ ಬೇಡ. ಎಲೆ ಸುಕ್ಕಾಗಿ ಮೆತ್ತಗಾಗಿದೆ, ಮಣ್ಣೂ ಒಣಗಿದೆ, ಅಂದ್ರೆ ಬಾಯಾರಿದೆ, ನೀರು ಕೊಟ್ರೆ ಒಂದೆರಡು ದಿನದಲ್ಲಿ ಉಬ್ಬತ್ತೆ. ಎಲೆ ಹಳದಿಯಾಗಿ ಪಾರದರ್ಶಕ ಆಗಿ ಜೆಲ್ಲಿ ತರ ಆಗಿದ್ರೆ ನೀರು ಜಾಸ್ತಿ ಆಗಿದೆ. ಕೆಳಗಿನ ಎಲೆ ಕಾಗದದ ಹಾಗೆ ಒಣಗಿದ್ರೆ ಏನೂ ತೊಂದ್ರೆ ಇಲ್ಲ, ಹಳೇ ಎಲೆ, ಕಿತ್ತು ಹಾಕಿ. ಇವೆಲ್ಲಕ್ಕಿಂತ ಮೋಸ ಮಾಡೋದು ಯಾವ್ದು ಅಂದ್ರೆ, ಎಲೆ ಸುಕ್ಕಾಗಿದೆ ಆದ್ರೆ ಮಣ್ಣು ಒದ್ದೆ ಇದೆ. ಬೇರೇ ಸತ್ತಿರೋದ್ರಿಂದ ಸುತ್ತ ನೀರಿದ್ರೂ ಕುಡಿಯೋಕೆ ಆಗ್ತಿಲ್ಲ ಅಂತ ಅರ್ಥ. ಆಗ ನೀರು ಹಾಕದೆ ಗಿಡ ಕಿತ್ತು ಬೇರು ನೋಡಿ, ಕಪ್ಪಗೆ ಮೆತ್ತಗೆ ಇರೋದನ್ನೆಲ್ಲ ತೆಗೀರಿ, ಕಾಂಡದಲ್ಲೂ ಕಂದು ಬಣ್ಣ ಏರಿದ್ರೆ ಚೊಕ್ಕ ಹಸಿರು ಸಿಗೋ ತನಕ ಮೇಲಕ್ಕೆ ಮೇಲಕ್ಕೆ ಕತ್ತರಿಸ್ತಾ ಬನ್ನಿ, ಉಳಿದ ತಲೆಯನ್ನ ಕಟಿಂಗ್ ತರ ಒಣಗಿಸಿ ಹೊಸದಾಗಿ ನೆಡಿ.

ಎಲೆಯಿಂದ ಮರಿ

ಈಗ ಮಜಾ ಇರೋ ಭಾಗ. ಎಚೆವೆರಿಯಾ, ಗ್ರಾಪ್ಟೋಪೆಟಲಮ್, ಸೀಡಮ್, ಪ್ಯಾಕಿಫೈಟಮ್, ಜೇಡ್, ಇವುಗಳ ಒಂದೊಂದು ಎಲೆನೂ ಒಂದು ಗಿಡ ಆಗೋ ತಾಕತ್ತಿರೋದು. ಹೊಸ ಚಿಗುರು ಹುಟ್ಟೋ ಜೀವಕೋಶಗಳು ಎಲೆ ಕಾಂಡಕ್ಕೆ ಅಂಟಿರೋ ಬುಡದಲ್ಲಿರತ್ವೆ, ಅದ್ಕೇ ಎಲೆ ಬುಡ ಸಮೇತ ಬರ್ಬೇಕು, ಮಧ್ಯಕ್ಕೆ ಮುರಿದ್ರೆ ಅದು ಪ್ರಯೋಜನಕ್ಕಿಲ್ಲ. ಕೆಳಗಿನ ಸಾಲಿನ ಗಟ್ಟಿಯಾಗಿ ತುಂಬ್ಕೊಂಡಿರೋ ಎಲೆ ಆರಿಸಿ, ಬುಡದ ಹತ್ರ ಹಿಡ್ಕೊಂಡು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ, ಟಪ್ ಅಂತ ಬರತ್ತೆ. ನೀರು ಹಾಕಿದ ಮಾರನೇ ದಿನ ಎಲೆ ತುಂಬಾ ಉಬ್ಬಿ ಸುಲಭವಾಗಿ ಮುರಿಯತ್ತೆ, ಮಣ್ಣು ಒಣಗಿದ್ದಾಗ ಕಿತ್ರೆ ಚೊಕ್ಕವಾಗಿ ಬರತ್ತೆ. ಕೆಲವು ಎಚೆವೆರಿಯಾಗಳಲ್ಲಿ ಎಲೆ ಎಷ್ಟು ಒತ್ತಾಗಿರತ್ತೆ ಅಂದ್ರೆ ಚೊಕ್ಕವಾಗಿ ಬರೋದೇ ಇಲ್ಲ, ಅಂಥದ್ದಕ್ಕೆ ಹೂವಿನ ದಂಟು ಬಂದಾಗ ಅದ್ರಲ್ಲಿರೋ ಪುಟ್ಟ ಎಲೆಗಳನ್ನ ಕಿತ್ತಿಡಿ, ಅವೂ ಮರಿ ಕೊಡತ್ವೆ, ಇದನ್ನ ಎಷ್ಟೋ ಜನ ಗಮನಿಸೋದೇ ಇಲ್ಲ, ಹೂವು ಬಾಡಿದ ತಕ್ಷಣ ದಂಟು ಬಿಸಾಕ್ತಾರೆ.

ಕಿತ್ತ ಎಲೆಗಳನ್ನ ನೆರಳಲ್ಲಿ ಒಂದು ತಟ್ಟೆ ಮೇಲೆ 2-4 ದಿನ ಹಂಗೇ ಬಿಡಿ, ಗಾಯ ಒಣಗಿ ಪೊರೆ ಕಟ್ಬೇಕು. ಆಮೇಲೆ ಅಗಲವಾದ ಟ್ರೇನಲ್ಲಿ ಅದೇ ಮಿಕ್ಸ್ ಒಂದಿಂಚು ಹರಡಿ ಎಲೆಗಳನ್ನ ಮೇಲೆ ಮಲಗಿಸಿ, ಒಳಗೆ ಚುಚ್ಬೇಡಿ. ಒಳ್ಳೆ ಬೆಳಕು ಇರ್ಲಿ, ಮಧ್ಯಾಹ್ನದ ಬಿಸಿಲು ಬೇಡ. ಈಗ ಶುರು ಆಗೋದು ನಮ್ಮ ಕೈ ಕಟ್ಟಿ ಹಾಕ್ಬೇಕಾದ ಹೊತ್ತು. ಎಲೆಯಿಟ್ಟ ದಿನದಿಂದಲೇ ದಿನಾ ಸ್ಪ್ರೇ ಮಾಡಿ ಅಂತ ಹೇಳೋರು ತುಂಬಾ ಜನ, ನನ್ನ ಪ್ರಕಾರ ಅದ್ರ ಅಗತ್ಯವೇ ಇಲ್ಲ, ಬೇರೇ ಇಲ್ದೇ ಇರೋ ಎಲೆ ಮಣ್ಣಿನ ನೀರನ್ನ ಕುಡಿಯೋದಾದ್ರೂ ಹೆಂಗೆ, ಅದಕ್ಕೆ ಬೇಕಾದ್ದು ಅದ್ರ ಹೊಟ್ಟೆಯೊಳಗೇ ಇದೆ. 2-3 ವಾರದಲ್ಲಿ ಬುಡದಿಂದ ತಿಳಿ ಗುಲಾಬಿ ಬಣ್ಣದ ದಾರದಂಥ ಬೇರು ಬರತ್ತೆ, ಆವಾಗ ಶುರು ನೀರಿನ ಕೆಲಸ. ಗಾಳಿಯಲ್ಲಿ ತೇಲ್ತಿರೋ ಬೇರು ಒಣಗಿಹೋಗತ್ತೆ, ಅದ್ರ ಮೇಲೆ ಸ್ವಲ್ಪ ಮಣ್ಣು ಉದುರಿಸಿ ಮುಚ್ಚಿ, ಆ ಜಾಗಕ್ಕೆ ಮಾತ್ರ ಒಂದೆರಡು ದಿನಕ್ಕೊಮ್ಮೆ ನೀರು ಚಿಮುಕಿಸಿ. ಎಲೆ ಮೇಲೆ ಬೇಡ.

ಇನ್ನೊಂದು ತಿಂಗಳಲ್ಲಿ ಸಾಸಿವೆಯಷ್ಟು ದೊಡ್ಡ ಗಿಡ ಕಾಣತ್ತೆ. ಕೆಲವಕ್ಕೆ ಮೊದಲು ಗಿಡ ಬಂದು ಆಮೇಲೆ ಬೇರು, ಕೆಲವಕ್ಕೆ ಬರೀ ಬೇರು ಗುಂಪಾಗಿ ಬಂದು ತಿಂಗಳುಗಟ್ಟಲೆ ಗಿಡವೇ ಬರಲ್ಲ, ಕೆಲವು ಸುಮ್ನೆ ಕಪ್ಪಾಗಿ ಹೋಗತ್ವೆ. ಅದ್ಕೇ ನಾಲ್ಕು ಮರಿ ಬೇಕಂದ್ರೆ ಎಂಟು ಎಲೆ ಇಡಿ, ಕೊಳೆತದ್ದು ಕಂಡ ಕೂಡ್ಲೇ ತೆಗೀರಿ, ಪಕ್ಕದ್ದಕ್ಕೂ ಹರಡತ್ತೆ. ತಾಯಿ ಎಲೆ ಸೊರಗಿ ಸುಕ್ಕಾಗ್ತಿದೆ ಅಂತ ಗಾಬರಿಯಾಗಿ ಕಿತ್ತು ಹಾಕ್ಬೇಡಿ, ಮರಿ ಅದನ್ನೇ ಹೀರಿ ಬೆಳೀತಿರೋದು, ಪೂರ್ತಿ ಒಣಗಿ ತಾನೇ ಕಳಚೋ ತನಕ ಬಿಡಿ.

ಎಲೆಯಿಂದ ಬರದೇ ಇರೋವು ಯಾವ್ಯಾವು ಅನ್ನೋದನ್ನೂ ತಿಳ್ಕೊಂಡಿದ್ರೆ ತಿಂಗಳುಗಟ್ಟಲೆ ಸುಮ್ನೆ ಕಾಯೋದು ತಪ್ಪತ್ತೆ. ಲೋಳೆಸರದ ಎಲೆ ನೆಟ್ರೆ ಕೊಳೆಯತ್ತೆ, ಅದಕ್ಕೆ ಬುಡದ ಮರಿಯೇ ದಾರಿ. ಏಯೋನಿಯಮ್ ಎಲೆನೂ ಅಷ್ಟೇ, ಅದಕ್ಕೆ ಕಾಂಡ ಬೇಕು. ಹಾವರ್ಥಿಯಾ ಎಲೆಯಿಂದ ಬರತ್ತೆ, ಆದ್ರೆ ಅಷ್ಟು ತಾಳ್ಮೆ ಇರೋರು ಕಮ್ಮಿ. ಸ್ನೇಕ್ ಪ್ಲಾಂಟ್ ಎಲೆಯನ್ನ 7-8 ಸೆಂಟಿಮೀಟರ್ ತುಂಡು ಮಾಡಿ ನೆಡ್ಬಹುದು, ಆದ್ರೆ ಕೆಳಗಿದ್ದ ಕಡೆನೇ ಕೆಳಗೆ ಬರ್ಬೇಕು, ತಲೆಕೆಳಗಾದ್ರೆ ಬೇರು ಬಿಡಲ್ಲ, ಹಾಗಾಗಿ ಕತ್ತರಿಸೋವಾಗ್ಲೇ ಕೆಳತುದಿಯನ್ನ ಓರೆಯಾಗಿ ಕತ್ತರಿಸಿ ಗುರುತು ಮಾಡ್ಕೊಳ್ಳಿ. ಅಂಚಲ್ಲಿ ಹಳದಿ ಪಟ್ಟಿ ಇರೋ ಸ್ನೇಕ್ ಪ್ಲಾಂಟ್ ಆದ್ರೆ ಎಲೆಯಿಂದ ಹುಟ್ಟೋ ಮರಿಗೆ ಆ ಹಳದಿ ಬರಲ್ಲ, ಬರೀ ಹಸಿರು ಗಿಡ ಸಿಗತ್ತೆ. ಹಳದಿ ಬೇಕಂದ್ರೆ ಬುಡ ಬಿಡಿಸಿ ಗೆಡ್ಡೆ ಸಮೇತ ಭಾಗ ಮಾಡ್ಬೇಕು.

ತಲೆ ಕತ್ತರಿಸೋದು

ಉದ್ದಕ್ಕೆ ಬೆಳೆದು ವಿಕಾರ ಆಗಿರೋ ಗಿಡಕ್ಕೆ ಇದೇ ಮದ್ದು, ಒಂದೇ ಏಟಿಗೆ ಎರಡು ಲಾಭ. ಸ್ಪಿರಿಟ್‌ನಲ್ಲಿ ಒರೆಸಿದ ಚೂಪು ಚಾಕು ತಗೊಂಡು ಮೇಲಿನ ಗುಚ್ಛವನ್ನ 2-3 ಸೆಂಟಿಮೀಟರ್ ಕಾಂಡದ ಜೊತೆ ಕತ್ತರಿಸಿ. ಚಾಕು ತೂರಿಸೋಕೆ ಜಾಗ ಇಲ್ದಷ್ಟು ಒತ್ತಾಗಿದ್ರೆ ಎಲೆಗಳ ಮಧ್ಯೆ ಗಟ್ಟಿ ದಾರ ಸುತ್ತಿ ಎರಡೂ ತುದಿ ಎಳೀರಿ, ಕಾಂಡ ನೀಟಾಗಿ ಕಟ್ ಆಗತ್ತೆ. ತಲೆಯನ್ನ ಒಂದು ಖಾಲಿ ಲೋಟದ ಬಾಯಿ ಮೇಲೆ ಕೂರಿಸಿ 4-7 ದಿನ ಬಿಡಿ. ಒಣಗಿದ್ಮೇಲೆ ಒಣ ಮಣ್ಣಿನ ಮೇಲೆ ಕೂರಿಸಿ, ಇನ್ನೊಂದು ವಾರ ಕಳೆದ್ಮೇಲೆ ಮೊದಲ ನೀರು. ಬೇರು ಬಂತಾ ಅಂತ ದಿನಾ ಎತ್ತಿ ನೋಡೋ ಚಟ ಬಿಡಿ, ಎಳೇ ಬೇರು ಮುರಿಯತ್ತೆ, ಮೆಲ್ಲಗೆ ಅಲ್ಲಾಡಿಸಿದಾಗ ಹಿಡ್ಕೊಂಡ್ರೆ ಬಂದಿದೆ ಅಂತ ಲೆಕ್ಕ.

ಉಳಿದ ಮೋಟನ್ನ ಬಿಸಾಕ್ಬೇಡಿ, ನಾಲ್ಕೈದು ಎಲೆ ಇದ್ರೆ ಒಳ್ಳೇದು. ತುದಿಯ ಮೊಗ್ಗು ಇರೋ ತನಕ ಪಕ್ಕದ ಮೊಗ್ಗುಗಳನ್ನ ಅದು ತಡೆದಿಟ್ಟಿರತ್ತೆ, ತಲೆ ಹೋದ್ಮೇಲೆ ಅವೆಲ್ಲ ಎದ್ದು ಕಾಂಡದ ಸುತ್ತ ಮರಿಗಳು ಬರತ್ವೆ, ಅವು ಸ್ವಲ್ಪ ದೊಡ್ಡದಾದ್ಮೇಲೆ ಮತ್ತೆ ಕತ್ತರಿಸಿ ನೆಡ್ಬಹುದು. ಎಲೆ ಕಮ್ಮಿ ಆಗಿರೋದ್ರಿಂದ ಮೋಟಿಗೆ ನೀರೂ ಕಮ್ಮಿ ಸಾಕು.

ಜೇಡ್ ಗಿಡಕ್ಕೆ 8-10 ಸೆಂಟಿಮೀಟರ್ ರೆಂಬೆ ಕತ್ತರಿಸಿ ಕೆಳಗಿನ ಎಲೆ ತೆಗೆದು ಒಣಗಿಸಿ ನೆಟ್ರೆ ಗೆಣ್ಣಿಂದ ಬೇರು ಬರತ್ತೆ, ಇದ್ರಷ್ಟು ಸುಲಭದ್ದು ಯಾವ್ದೂ ಇಲ್ಲ, ಹೊಸಬರು ಇಲ್ಲಿಂದ್ಲೇ ಶುರು ಮಾಡಿ. ಸ್ಟ್ರಿಂಗ್ ಆಫ್ ಪರ್ಲ್ಸ್ ಅನ್ನೋ ಮಣಿಸರದ ಗಿಡಕ್ಕೆ ಬಳ್ಳಿಯನ್ನ ಮಣ್ಣಿನ ಮೇಲೆ ಸುರುಳಿ ಸುತ್ತಿ ಮಲಗಿಸಿದ್ರೆ ಗೆಣ್ಣು ಗೆಣ್ಣಿಗೂ ಬೇರು ಬಿಡತ್ತೆ.

ಕಳ್ಳಿ ಕತ್ತರಿಸಿದ್ರೆ ಗಾಯ ದೊಡ್ಡದು, 1-2 ವಾರ, ದಪ್ಪ ಕಾಂಡ ಆದ್ರೆ ಇನ್ನೂ ಜಾಸ್ತಿ ಒಣಗಿಸ್ಬೇಕು. ಹಿಡ್ಕೊಳ್ಳೋಕೆ ನ್ಯೂಸ್ ಪೇಪರ್ ಮಡಚಿ ಪಟ್ಟಿ ಮಾಡಿ ಸುತ್ತಿ. ಪಾಪಸ್ ಕಳ್ಳಿಯಲ್ಲಿ ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ಸಣ್ಣ ಕೂದಲು ಮುಳ್ಳುಗಳೇ ಕಾಟ, ಚುಚ್ಚಿದ್ರೆ ಅಂಟು ಟೇಪ್ ಒತ್ತಿ ಎಳೆದು ತೆಗೀಬೇಕು. ಕೆಂಪು ಹಳದಿ ಉಂಡೆ ಇರೋ ಮೂನ್ ಕ್ಯಾಕ್ಟಸ್ ನೋಡಿರ್ತೀರಿ, ಆ ಉಂಡೆ ಕತ್ತರಿಸಿ ನೆಡೋಕೆ ಹೋಗ್ಬೇಡಿ, ಅದ್ರಲ್ಲಿ ಪತ್ರಹರಿತ್ತು ಇಲ್ಲ, ಕೆಳಗಿನ ಹಸಿರು ಕಳ್ಳಿಗೆ ಕಸಿ ಮಾಡಿರೋದು, ಸ್ವಂತವಾಗಿ ಬದುಕಲ್ಲ. ಕ್ರಿಸ್ಮಸ್ ಕ್ಯಾಕ್ಟಸ್ ಮಾತ್ರ ಬ್ರೆಜಿಲ್ ಕಾಡಿನದ್ದು, ಮರದ ಮೇಲೆ ಬೆಳೆಯೋದು, ಅದಕ್ಕೆ 2-3 ಗೆಣ್ಣು ತಿರುಚಿ ಮುರಿದು ಒಂದೆರಡು ದಿನ ಬಿಟ್ಟು ನೆಟ್ಟು ಮಣ್ಣು ಸ್ವಲ್ಪ ತೇವ ಇಟ್ರೂ ನಡೆಯತ್ತೆ.

ಯೂಫೋರ್ಬಿಯಾ ಜಾತಿ ಕತ್ತರಿಸಿದ್ರೆ ಬಿಳಿ ಹಾಲು ಸುರಿಯತ್ತೆ, ಚರ್ಮ ಉರಿಯತ್ತೆ, ಕಣ್ಣಿಗೆ ಬಿದ್ರೆ ಅಪಾಯ. ಗ್ಲೌಸ್ ಹಾಕ್ಕೊಳ್ಳಿ, ಕತ್ತರಿಸಿದ ತುದಿಯನ್ನ ನೀರಲ್ಲಿ ಅದ್ದಿದ್ರೆ ಹಾಲು ನಿಲ್ಲತ್ತೆ, ಕೆಲಸ ಮುಗಿಯೋ ತನಕ ಮುಖ ಮುಟ್ಕೊಬೇಡಿ.

ಬುಡದ ಮರಿ

ಲೋಳೆಸರ, ಹಾವರ್ಥಿಯಾ, ಕತ್ತಾಳೆ, ಸೆಂಪರ್ವೈವಮ್, ಇವು ಕೇಳದೇನೇ ಬುಡದಲ್ಲಿ ಮರಿ ಹಾಕತ್ವೆ. ಮರಿ ತಾಯಿಯ ಮೂರನೇ ಒಂದು ಭಾಗದಷ್ಟಾದ್ರೂ ಬೆಳೀಲಿ, ಆಮೇಲೆ ಗಿಡ ಕುಂಡದಿಂದ ಹೊರಗೆ ತೆಗೆದು ಮಣ್ಣು ಉದುರಿಸಿ ಬೇರು ಸಮೇತ ಬಿಡಿಸಿ, ಗಾಯ ಆಗಿದ್ರೆ ಒಂದೆರಡು ದಿನ ಒಣಗಿಸಿ ನೆಡಿ. ಕತ್ತಾಳೆ ಮತ್ತೆ ಸೆಂಪರ್ವೈವಮ್ ಒಂದ್ಸಲ ಹೂ ಬಿಟ್ಟ ಗುಚ್ಛ ಸಾಯತ್ತೆ, ಅದು ಸಹಜ, ನಿಮ್ಮ ಆರೈಕೆಯಲ್ಲಿ ಏನೂ ಕೊರತೆ ಆಗಿಲ್ಲ, ಮರಿಗಳನ್ನ ಉಳಿಸ್ಕೊಂಡ್ರೆ ಸಾಕು.

ಕಾಡುಬಸಳೆ ಮತ್ತೆ ಅದ್ರ ನೆಂಟರಾದ ಕಲಂಚೋಗಳದ್ದು ಬೇರೆನೇ ಲೋಕ. ಮಡಗಾಸ್ಕರ್‌ನ ಮದರ್ ಆಫ್ ಥೌಸಂಡ್ಸ್ ಅನ್ನೋದು ಎಲೆ ಅಂಚಲ್ಲಿ ಸಾಲಾಗಿ ಮರಿ ಕಟ್ಕೊಂಡು ತಾನೇ ಉದುರಿಸತ್ತೆ, ಪಕ್ಕದ ಎಲ್ಲಾ ಕುಂಡದಲ್ಲೂ ಅದೇ. ಇದನ್ನ ದೂರ ಒಂಟಿಯಾಗಿಡಿ, ಹೊರಗೆ ನೆಲಕ್ಕೆ ನೆಡ್ಬೇಡಿ, ಹೃದಯಕ್ಕೆ ತೊಂದ್ರೆ ಮಾಡೋ ವಿಷ ಇದ್ರಲ್ಲಿದೆ, ನಾಯಿ ಬೆಕ್ಕು ದನ ಇರೋ ಕಡೆ ಹುಷಾರು.

ಉಳಿದ ಚೂರುಪಾರು

ಲೋಟದ ನೀರಲ್ಲಿ ಬೇರು ಬರ್ಸೋದು ಆಗತ್ತೆ, ಆದ್ರೆ ನೀರಲ್ಲಿ ಬಂದ ಬೇರು ಮಣ್ಣಿಗೆ ಹೋದಾಗ ಮತ್ತೆ ಒದ್ದಾಡತ್ತೆ, ನೋಡೋಕೆ ಖುಷಿ ಅಂತ ಮಾಡ್ಬಹುದು. ರೂಟಿಂಗ್ ಹಾರ್ಮೋನ್ (ಬೇರು ಬರ್ಸೋಕೆ ಹಚ್ಚೋ ಔಷಧಿ) ಬೇಕಿಲ್ಲ, ಇವು ತಾವಾಗೇ ಬೇರು ಬಿಡೋ ಜಾತಿ. ಬೀಜದಿಂದ ಮಾಡೋದು ನಿಧಾನ, ಧೂಳಿನಷ್ಟು ಸಣ್ಣ ಬೀಜ, ಮುಚ್ಚದೆ ಮೇಲೆ ಉದುರಿಸಿ ತಳದಿಂದ ನೀರು ಕೊಟ್ಟು 20-25 ಡಿಗ್ರಿಯಲ್ಲಿ ಇಡ್ಬೇಕು, ಲಿಥಾಪ್ಸ್ (ಕಲ್ಲಿನ ತರ ಕಾಣೋ ಪುಟ್ಟ ಸಕ್ಯುಲೆಂಟ್) ಪ್ರಿಯರು ಹೆಚ್ಚಾಗಿ ಇದೇ ದಾರಿ ಹಿಡೀತಾರೆ. ಆ ಲಿಥಾಪ್ಸ್ ಹಳೇ ಎಲೆಜೋಡಿ ಸೊರಗಿ ಒಳಗಿಂದ ಹೊಸದು ಬರ್ತಿರೋವಾಗ ಒಂದು ಹನಿ ನೀರೂ ಬೇಡ.

ಗೊಬ್ಬರ ಬೆಳೆಯೋ ಕಾಲದಲ್ಲಿ, ಪ್ಯಾಕೆಟ್ ಮೇಲೆ ಹೇಳಿರೋದ್ರ ಅರ್ಧ. ಎಲೆ ಟ್ರೇಗೆ ಏನೂ ಬೇಡ. ಎಲೆ ಸಂದಿಯಲ್ಲಿ ಬಿಳಿ ಹತ್ತಿ ಕಂಡ್ರೆ ಅದು ಹಿಟ್ಟು ತಿಗಣೆ, 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಹತ್ತಿ ಕಡ್ಡಿ ಮುಟ್ಟಿಸಿ, ವಾರ ಬಿಟ್ಟು ಮತ್ತೆ ಮಾಡಿ, ಮೊಟ್ಟೆ ಉಳಿದಿರತ್ತೆ. ಇರುವೆ ಓಡಾಡ್ತಿದ್ರೆ ತಿಗಣೆ ಎಲ್ಲೋ ಇದೆ ಅಂತ ಹುಡುಕಿ, ಅವುಗಳ ಸಿಹಿ ದ್ರವಕ್ಕೆ ಇರುವೆ ಬರೋದು. ಹೊಸ ಗಿಡ ತಂದ್ರೆ ಎರಡು ಮೂರು ವಾರ ಬೇರೆಯಾಗಿಡಿ.

ಎಲೆಯಿಂದ ಬಂದ ಮರಿ 2-3 ಸೆಂಟಿಮೀಟರ್ ಆಗಿ ತಾಯಿ ಎಲೆ ಕಳಚಿದ್ಮೇಲೆ ಟ್ರೇಯಿಂದ ಚಮಚದಲ್ಲಿ ಮಣ್ಣು ಸಮೇತ ಎತ್ತಿ ಪುಟ್ಟ ಕುಂಡಕ್ಕೆ ಹಾಕಿ. ಎಳೇ ಗಿಡದ ಹೊಟ್ಟೆ ಚಿಕ್ಕದು, ದೊಡ್ಡ ಗಿಡದಷ್ಟು ದಿನ ನೀರಿಲ್ದೆ ಬಿಡೋಕಾಗಲ್ಲ, ಮೇಲಿನ ಮಣ್ಣು ಒಣಗಿದ ಕೂಡ್ಲೇ ಕೊಡಿ, ಬೇರು ಹರಡಿದ್ಮೇಲೆ ದೊಡ್ಡವರ ಲೆಕ್ಕಕ್ಕೆ ಬನ್ನಿ. ಮತ್ತೆ ಕುಂಡದಲ್ಲಿ ಒಂದು ಕಡ್ಡಿ ಚುಚ್ಚಿ ಗಿಡದ ಹೆಸರು, ಎಲೆಯಿಟ್ಟ ತಾರೀಕು ಪೆನ್ಸಿಲ್ಲಲ್ಲಿ ಬರೆದಿಡಿ, ಪೆನ್ನಿನ ಶಾಯಿ ಬಿಸಿಲಿಗೆ ಅಳಿಸಿಹೋಗತ್ತೆ, ಮರಿಯಾಗಿದ್ದಾಗ ಎಲ್ಲಾ ಎಚೆವೆರಿಯಾನೂ ಒಂದೇ ತರ ಕಾಣೋದ್ರಿಂದ ಆಮೇಲೆ ಯಾವ್ದು ಯಾವ್ದು ಅಂತ ಗೊತ್ತಾಗಲ್ಲ.